ಲಾಯದ ಹಿಂದಿನ ಕಿಟಕಿ

ಪುಣೆ
7 ಜನವರಿ 2024, ಭಾನುವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಕೂತು ಭಾಷಣದ ನಂತರದ ಉಪ್ಪಿಟ್ಟಿಗೆ ಕಾದಿರುವ ರಸಿಕರೇ, ಮತ್ತು ಕಟಪಾಡಿಯ ಜಗಲಿಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಈ ಕಾಗದವನ್ನು ಅನುಮಾನದಿಂದ ನೋಡುತ್ತಿರುವ ಶ್ರೀಮತಿ ಹರಿಣಾಕ್ಷಿಯವರೇ,

ಫೋನಿನಲ್ಲಿ ನಮಗೆ ಮೂರನೇ ಮಾತಿಗೆ ಜಗಳವಾಗುತ್ತದೆ, ಹೇಳುವುದಿದ್ದರೆ ಬರೆದು ಹೇಳಿ ಎಂದು ಬಸ್ಸು ಹತ್ತುವಾಗ ನೀನೇ ಅಂದದ್ದು. ಅಪ್ಪಣೆಯಂತೆ ಬರೆಯುತ್ತಿದ್ದೇನೆ. ತೃಪ್ತಿಯ ಬಾಣಂತನ ಹೇಗೆ ನಡೆದಿದೆ? ತಾಯಿಯಿಲ್ಲದ ಹುಡುಗಿ, ಚಿಕ್ಕಮ್ಮ ಬಂದದ್ದು ಅವಳ ಪುಣ್ಯ. ನನ್ನದು ಏನು ಎಂದು ನಾನು ಹೇಳುವುದಿಲ್ಲ, ಮೂರನೇ ಮಾತು ಬಂದೀತು.

ಇಲ್ಲಿ ಒಂದು ವಿಶೇಷ. ಬಂಗಲೆಯ ಒಡತಿ ರಾಧಾಬಾಯಿ ಅಜ್ಜಿ ಕೊನೆಗೂ ಒಪ್ಪಿದ್ದಾರೆ. ಹಳೆಯ ಕಟ್ಟಡ ಉಳಿಸುವ ಒಂದು ಸಂಸ್ಥೆ ತನ್ನ ಖರ್ಚಿನಲ್ಲಿ ಬಂಗಲೆಯನ್ನು ರಿಪೇರಿ ಮಾಡಿ, ಕಟ್ಟಿದಾಗ ಹೇಗಿತ್ತೋ ಹಾಗೆ ನಿಲ್ಲಿಸುತ್ತದಂತೆ. ಅದರ ಆರ್ಕಿಟೆಕ್ಟ್ ಅನುಜಾ ಮೇಡಂ ದಿನವೂ ಬಂದು, ನಮ್ಮ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ ತಿಂದು, ಗೋಡೆಗಳಿಗೆ ಟೇಪು ಹಿಡಿಯುತ್ತಾರೆ. ಭಾನುವಾರ ಬೆಳಿಗ್ಗೆ ಬಂಗಲೆ ನೋಡಲು ಜನ ಬರುತ್ತಾರೆ. ಮಗರಪಟ್ಟಾದ ಐ.ಟಿ. ಕಂಪನಿಗಳಿಂದ, ಕೈಯಲ್ಲಿ ನೀರಿನ ಬಾಟಲಿ, ತಲೆಗೆ ಟೋಪಿ. ಅವರಿಗೆ ವಿವರಿಸಲು ಒಬ್ಬ ಮನುಷ್ಯ ಬೇಕಿತ್ತು. 'ಅಣ್ಣಾ, ನಿಮಗಿಂತ ಹೆಚ್ಚು ಈ ಅಂಗಳ ಯಾರಿಗೆ ಗೊತ್ತು?' ಎಂದರು ಮೇಡಂ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿ ಇಷ್ಟು ವರ್ಷ ಇಡ್ಲಿ ಎಣಿಸಿದವನಿಗೆ ಕೊನೆಗೊಂದು ವೇದಿಕೆ ಸಿಕ್ಕಿತು.

ಈಗ ಕೇಳು. ನಾವು ದಿನವೂ ಕಸ ಗುಡಿಸಿದ ಈ ಬಂಗಲೆಗೆ ಶೈಲಿ ಅಂತ ಒಂದಿದೆ. ಹೊರಗೋಡೆಯ ಕರಿಕಲ್ಲು ಇದೇ ನೆಲದ್ದು. ಮುಖ ಒರಟು, ಅಂಚು ಮಾತ್ರ ನಯ. ನಮ್ಮ ಹೋಟೆಲಿನ ಮಾಂತು ಗಡ್ಡ ಬಿಟ್ಟು ಕೆನ್ನೆಯಷ್ಟೇ ಬೋಳಿಸಿಕೊಂಡ ಹಾಗೆ. ಕಿಟಕಿಗಳು ಚರ್ಚಿನಂಥವು, ಮೇಲೆ ಚೂಪಾದ ಕಮಾನು. ಇದಕ್ಕೆ ಗಾಥಿಕ್ ಅನ್ನುತ್ತಾರೆ. ಒಳಗೆ ಹೋದರೆ ನಡುಮನೆಯ ಅಂಗಳ, ತುಳಸಿ, ಸುತ್ತ ಮರದ ಕಂಬ, ಪಕ್ಕಾ ಪುಣೇರಿ ವಾಡೆ. ಸೂರಿನ ಅಂಚಿಗೆ ಮರದ ಜಾಲರಿ. ಅದರ ಮೇಲೆ ನಮ್ಮ ಮಂಗಳೂರು ಹೆಂಚು. ನಾವು ಬರುವ ಎಷ್ಟೋ ಮೊದಲೇ ನಮ್ಮೂರಿನ ಮಣ್ಣು ಇಲ್ಲಿ ಬಂದು ಮೇಲೇರಿ ಕೂತಿತ್ತು ಮಾರಾಯ್ತಿ. ಕಟ್ಟಿಸಿದ್ದು ರಾಧಾಬಾಯಿಯ ಗಂಡನ ಅಜ್ಜ, ವಕೀಲ. ಹೊರಗೆ ಸಾಹೇಬ, ಒಳಗೆ ಮಡಿ. ಒಂದೇ ಟೇಬಲಿನಲ್ಲಿ ಮೂರು ಬೇರೆ ಬೇರೆ ಗಿರಾಕಿ ಕೂತು, ಒಬ್ಬರ ತಟ್ಟೆಗೆ ಒಬ್ಬರು ಕೈ ಹಾಕದೆ ಊಟ ಮಾಡಿ ಎದ್ದ ಹಾಗಿದೆ ಈ ಮನೆ.

ಸಭಿಕರ ಒತ್ತಾಯದ ಮೇರೆಗೆ:

ಕರಿಯ ಕಲ್ಲು, ಬಿಳಿಯ ಗಾರೆ, ನೆತ್ತಿಗೆ ಕೆಂಪು ಹೆಂಚು;
ಕುದುರೆ ಹೋದ ಲಾಯದೊಳಗೆ ಕಾದಿದೆ ದೋಸೆ ಹಂಚು.

ಲಾಯ ಕೂಡ ಬಂಗಲೆಯಷ್ಟೇ ಹಳೆಯದಂತೆ. ಆದ್ದರಿಂದ ನಮ್ಮ ಹೋಟೆಲ್ ಅಲ್ಲೇ ಇರುತ್ತದೆ. ನೀನು ಚಿಂತೆ ಮಾಡಬೇಡ.

ನಿನ್ನ
ದೇವದಾಸ


ಕಟಪಾಡಿ
15 ಜನವರಿ 2024

ಮಾನ್ಯ ಗೈಡ್ ಮಹಾಶಯರಿಗೆ,

ಕಾಗದ ಬಂತು. ತೃಪ್ತಿ ಜೋರಾಗಿ ಓದಿ ನಕ್ಕಳು. ಮಗು ಎದ್ದು ಅತ್ತಿತು. ಅದನ್ನು ಮತ್ತೆ ಮಲಗಿಸುವಷ್ಟರಲ್ಲಿ ನನ್ನ ನಗು ಹೋಯಿತು.

ಮಗರಪಟ್ಟಾದವರಿಗೆ ಕಮಾನು ತೋರಿಸುತ್ತೀರಿ, ಒಳ್ಳೆಯದು. ನನಗೆ ಮದುವೆಯಾದಂದಿನಿಂದ ತೋರಿಸಿದ್ದು ಲಾಯದ ಬೆನ್ನಿಗೆ ಅಂಟಿದ ಎರಡು ಕೋಣೆ ಮತ್ತು ಸಾಂಬಾರಿನ ಹೊಗೆ. ಬಂಗಲೆಗೆ ಶೈಲಿ ಉಂಟು ಅಂದಿರಿ. ನಾನಿದ್ದ ಜಾಗಕ್ಕೆ ಎಂತ ಹೆಸರು, ಅದನ್ನೂ ಮೇಡಂ ಹತ್ತಿರ ಕೇಳಿ.

ತಳೇಗಾಂವದಲ್ಲಿ ಒಂದು ಚಿಕ್ಕ ಫ್ಲಾಟ್ ನೋಡೋಣ, ಹರ್ಷಾನ ಕಾರ್ಖಾನೆಗೂ ಹತ್ತಿರ, ಮಗ ರೂಮು ಬಿಟ್ಟು ಮನೆಗೆ ಬಂದಾನು ಅಂದದ್ದಕ್ಕೆ ನೀವು 'ಸಿಮೆಂಟಿನ ಡಬ್ಬಿ' ಅಂದಿರಿ. ಅಪ್ಪ ಕಟ್ಟಿದ ಮನೆ ಉಂಟು, ನಮ್ಮದೇ ಅಂದಿರಿ. ಬಸ್ಸು ಹತ್ತುವಾಗ ಕೇಳಿದ್ದನ್ನೇ ಈಗಲೂ ಕೇಳುತ್ತೇನೆ: ಯಾವ ಕಾಗದದಲ್ಲಿ ಮಾವನ ಹೆಸರು ಉಂಟು? ರಾಧಾಬಾಯಿ ಅಂದು ಬಾಯಲ್ಲಿ 'ಕಟ್ಟಿಕೋ' ಅಂದದ್ದು ಬಿಟ್ಟರೆ ಬೇರೆ ಎಂತ ಉಂಟು?

ಮಾರ್ಚ್ ಕೊನೆಗೆ ಮಗುವನ್ನು ತೊಟ್ಟಿಲಿಗೆ ಹಾಕುವುದು. ಆಮೇಲೆ ಬರುತ್ತೇನೋ ಇಲ್ಲವೋ ಇನ್ನೂ ಯೋಚಿಸಿಲ್ಲ. ಅವಳ ಗಂಡ ದುಬೈಯಲ್ಲಿ. 'ಚಿಕ್ಕಮ್ಮ, ಇಲ್ಲೇ ಇದ್ದುಬಿಡಿ' ಅನ್ನುತ್ತಿದ್ದಾಳೆ. ಇಲ್ಲಿ ನನಗೊಂದು ಕೋಣೆ ಉಂಟು. ಹೊಗೆ ಇಲ್ಲ.

ಮಾತ್ರೆ ಮರೆಯಬೇಡಿ.

ಹರಿಣಾಕ್ಷಿ


ಪುಣೆ
28 ಜನವರಿ 2024, ಭಾನುವಾರ

ಮಹಾಜನಗಳೇ! ಮಹಿಳೆಯರೇ! ವಿಶೇಷವಾಗಿ ಒಬ್ಬ ಮಹಿಳೆಯೇ!

ಇಂದಿನ ಸಭೆ ಐತಿಹಾಸಿಕ. ಬೆವರು ಇನ್ನೂ ಆರಿಲ್ಲ, ಆದರೂ ಬರೆಯುತ್ತಿದ್ದೇನೆ.

ಇವತ್ತು ನಲವತ್ತು ಜನಕ್ಕೆ ಕಡಿಮೆಯಿಲ್ಲ. ಮುಂಭಾಗ ಮುಗಿಸಿ, ಲಾಯ ತೋರಿಸಿ, ಕೈ ತೊಳೆಯುವ ಜಾಗದ ಪಕ್ಕದಿಂದ ಎಲ್ಲರನ್ನೂ ಹಿಂದಕ್ಕೆ ಕರೆದುಕೊಂಡು ಹೋದೆ. ಬೆಂಗಳೂರಿನ ಹುಡುಗ ಒಬ್ಬ, ಮಿಥುನ ಅಂತ, ನಮ್ಮ ಕೋಣೆಯ ಕಿಟಕಿ ನೋಡಿ ನಿಂತುಬಿಟ್ಟ.

'ಸರ್, ಈ ವಿಂಡೋನೂ ಒರಿಜಿನಲ್ಲಾ? ಸೂಪರ್ ಆಗಿದೆ.'

ಅನುಜಾ ಮೇಡಂ ನಕ್ಷೆ ಬಿಡಿಸಿ ಹೇಳಿದರು: ಹೌದು, ಇದೂ ವಕೀಲರ ಕಾಲದ್ದೇ, ಕುದುರೆಯಾಳು ಇರುತ್ತಿದ್ದ ಕೋಣೆ ಇರಬೇಕು, ನೋಡಿ ಅದೇ ಕಲ್ಲು, ಅದೇ ಕಮಾನು.

ನನಗೆ ನಗು ತಡೆಯಲಾಗಲಿಲ್ಲ. 'ಮೇಡಂ, ಇದು ನಮ್ಮಪ್ಪ ದೂಮಪ್ಪ ಕಟ್ಟಿಸಿದ್ದು. ನನಗಾಗ ಎಂಟು ವರ್ಷ. ಕುದುರೆಯಾಳು ಅಲ್ಲ, ಹೋಟೆಲಿನಾಳು!'

ಅವರು ನಂಬಲಿಲ್ಲ. ಆಗ ತೋರಿಸಿದೆ. ಕಲ್ಲು ಅದೇ ಹೇಗೆಂದರೆ ಬಿದ್ದುಹೋದ ತೋಟದ ಗೋಡೆಯ ಕಲ್ಲನ್ನೇ ಅಪ್ಪ ಆರಿಸಿ ತಂದದ್ದು. ಆದರೆ ಕಮಾನು ಅದೇ ಅಲ್ಲ. ಬಂಗಲೆಯ ಯಾವ ಕಿಟಕಿ ಬೇಕಾದರೂ ನೋಡು: ಎಡದ ಕಲ್ಲು, ಬಲದ ಕಲ್ಲು ಬಾಗಿ ಬಂದು ತುದಿಯಲ್ಲಿ ಹಣೆಗೆ ಹಣೆ ತಾಗಿಸಿ ನಿಲ್ಲುತ್ತವೆ. ನಡುವೆ ಒಂದು ಗೆರೆ, ಅಷ್ಟೇ. ನಮ್ಮ ಕಿಟಕಿಯಲ್ಲಿ ಮಾತ್ರ ತುದಿಗೆ ಒಂದು ನಡುಗಲ್ಲು ಕೂತಿದೆ. ಮೇಸ್ತ್ರಿ ಎಷ್ಟೋ ಹೇಳಿದ, ಅಲ್ಲಿರುವ ಹಾಗೆಯೇ ಇಲ್ಲೂ ಕೂಡಿಸುತ್ತೇನೆ ಎಂದು. ಅಪ್ಪ ಬಿಡಲಿಲ್ಲ. 'ಎಂತ ಮಾರಾಯ, ಇದು ಸಂಸಾರ ಇರುವ ಮನೆ. ಗಂಡ ಹೆಂಡತಿ ಹಣೆಗೆ ಹಣೆ ಕೊಟ್ಟ ಹಾಗೆ ನಿಲ್ಲಿಸಿದರೆ ಇವತ್ತಲ್ಲ ನಾಳೆ ಜಗಳ. ನಡುವೆ ಒಂದು ಕಲ್ಲು ಕೂರಿಸು, ಹಿರಿಯರು ಕೂತ ಹಾಗೆ.'

ಇದನ್ನು ಹೇಳಿ ಮುಗಿಸುವಾಗ ಜನ ಚಪ್ಪಾಳೆ ತಟ್ಟಿದರು. ನಾನು ನಿಂತಲ್ಲೇ ಕನ್ನಡದಲ್ಲಿ ಕಟ್ಟಿದೆ:

ಕಲ್ಲಿಗೆ ಕಲ್ಲು ಹಣೆ ತಾಗಿಸಿ ನಿಂತರೆ ಅದು ಗಾಥಿಕ್ಕು;
ನಡುವಲ್ಲಿ ಅಪ್ಪ ಕೂತರೆ ಮಾತ್ರ ಸಂಸಾರಕ್ಕೆ ದಿಕ್ಕು.

ಮಿಥುನನಿಗೆ ಬಿಟ್ಟರೆ ಯಾರಿಗೂ ಅರ್ಥವಾಗಲಿಲ್ಲ, ಅವನೂ ಮರ್ಯಾದೆಗೆ ನಕ್ಕ. ಪರವಾಗಿಲ್ಲ. ಮುಖ್ಯ ವಿಷಯ ಕೇಳು. ಅನುಜಾ ಮೇಡಂ ನನ್ನೆದುರಿಗೇ ನಕ್ಷೆಯನ್ನು ತಿದ್ದಿದರು. ನಮ್ಮ ಎರಡು ಕೋಣೆಯ ಮೇಲೆ ಬರೆದರು: ಕಟ್ಟಿಸಿದವರು ದೂಮಪ್ಪ, 1986.

ಯಾವ ಕಾಗದದಲ್ಲಿ ಎಂದು ಕೇಳಿದ್ದೆಯಲ್ಲ? ಈ ಕಾಗದದಲ್ಲಿ.

ಗೆದ್ದವನು,
ದೇವದಾಸ


ಕಟಪಾಡಿ
6 ಫೆಬ್ರವರಿ 2024

ಇವರಿಗೆ,

ನಿಮ್ಮ ಕಾಗದ ಎರಡು ಸಲ ಓದಿದೆ. ಎರಡನೆಯ ಸಲ ಒಬ್ಬಳೇ.

ಮದುವೆಯಾಗಿ ಬಂದ ದಿನ ಮಾವ ನನಗೆ ಅಡುಗೆ ಒಲೆ ತೋರಿಸುವ ಮೊದಲು ಆ ಕಿಟಕಿ ತೋರಿಸಿದ್ದರು. ನಡುಗಲ್ಲಿನ ಕಥೆ ಹೇಳಿ, 'ಜಗಳ ಬಂದರೆ ಅದನ್ನು ನೋಡು ಮಗಾ, ನಾನು ಅಲ್ಲಿದ್ದೇನೆ' ಅಂದಿದ್ದರು. ನಾನು ಎಷ್ಟು ಸಲ ನೋಡಿದ್ದೇನೆ ಅಂತ ನಿಮಗೆ ಗೊತ್ತಿಲ್ಲ. ಮಧ್ಯಾಹ್ನ ಹೋಟೆಲಿನ ಗಲಾಟೆ ಇಳಿದ ಮೇಲೆ ಬಿಸಿಲು ಒಳಗೆ ಬಂದು ನೆಲದ ಮೇಲೆ ಅದೇ ಚೂಪು ಕಮಾನು ಬೀಳುತ್ತಿತ್ತು. ಚಳಿಗಾಲದಲ್ಲಿ ಹರ್ಷಾನನ್ನು ಸರಿಯಾಗಿ ಅದರೊಳಗೆ ಮಲಗಿಸುತ್ತಿದ್ದೆ. ಬಿಸಿಲು ಸರಿದ ಹಾಗೆ ಚಾಪೆಯನ್ನೂ ಸರಿಸುವುದು. ಆ ಕೋಣೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಮಾವನ ಹೆಸರು ಕಾಗದದಲ್ಲಿ ಬಂತಲ್ಲ, ಸಂತೋಷವೇ. ನಾನು ಸೋತೆ ಅಂತ ಬರೆದುಕೊಳ್ಳಿ.

ತೊಟ್ಟಿಲು ಮುಗಿಸಿ ಬರುತ್ತೇನೆ. ತಳೇಗಾಂವದ ಮಾತು ಆಮೇಲೆ ನೋಡುವ. ನಿನ್ನೆ ಉಡುಪಿಗೆ ಹೋದವಳು ಆ ಕಿಟಕಿಗೆ ಪರದೆಯ ಬಟ್ಟೆ ತಂದಿದ್ದೇನೆ, ಅರಶಿನ ಬಣ್ಣದ್ದು. ಮೇಲಿನ ಚೂಪಿಗೆ ಸರಿಯಾಗಿ ಕತ್ತರಿಸಬೇಕು. ಅಳತೆ ತೆಗೆದು ಕಳಿಸಿ.

ಒಂದು ಸಂಶಯ. ಕಟ್ಟಿದಾಗ ಹೇಗಿತ್ತೋ ಹಾಗೆ ನಿಲ್ಲಿಸುತ್ತಾರೆ ಅಂತ ಬರೆದಿದ್ದಿರಿ. ಮಾವ ಕಟ್ಟಿಸಿದ್ದು ಆಮೇಲಿನದು. ಆಮೇಲಿನದಕ್ಕೆ ಎಂತ ಮಾಡುತ್ತಾರಂತೆ? ಕೇಳಿದಿರಾ?

ಹರಿಣಾಕ್ಷಿ


ಪುಣೆ
10 ಮಾರ್ಚ್ 2024, ಭಾನುವಾರ

ಸಭಾಸದರೇ,

ತಡವಾದದ್ದಕ್ಕೆ ಕ್ಷಮೆ ಇರಲಿ. ಇಲ್ಲಿ ಕೆಲಸವೋ ಕೆಲಸ. ಮಾಂತು ಊರಿಗೆ ಹೋಗುತ್ತೇನೆ ಅಂತ ಹಠ ಹಿಡಿದಿದ್ದ, ಮಾರ್ಕೆಟ್ ಯಾರ್ಡಿಗೆ ನಾನೇ ತರಕಾರಿಗೆ ಓಡುತ್ತಿದ್ದೆ. ಭಾನುವಾರದ ಸಭೆಗಳಂತೂ ತುಂಬಿ ತುಳುಕುತ್ತಿವೆ.

ಬಂಗಲೆಯ ಮುಂಭಾಗ ಈಗ ನೋಡಬೇಕು ನೀನು! ಪೋರ್ಚಿನ ಒಳಗೋಡೆಯ ಮೇಲಿದ್ದ ಎಣ್ಣೆ ಬಣ್ಣವನ್ನೆಲ್ಲ ಕೆರೆದು ತೆಗೆದಿದ್ದಾರೆ. ಪ್ರತಿ ದಸರಾಕ್ಕೆ ಮುಂಚೆ ನಾವೇ ಬಳಿಯುತ್ತಿದ್ದ ಆ ಹಸಿರು ಬಣ್ಣ, ಪದರ ಪದರವಾಗಿ ಏಳುವಾಗ ಒಂದೊಂದು ಪದರದಲ್ಲಿ ಒಂದೊಂದು ಹಬ್ಬ ಕಂಡಿತು. ಕಲ್ಲಿಗೂ ಉಸಿರಾಡಲು ಬೇಕಂತೆ, ನಾವು ಮೂಗು ಮುಚ್ಚಿದ್ದೆವಂತೆ. ಕಲ್ಲಿನ ನಡುವಿನ ಸಿಮೆಂಟನ್ನು ಬಿಡಿಸಿ ಸುಣ್ಣದ ಗಾರೆ ತುಂಬುತ್ತಿದ್ದಾರೆ. ಪೋರ್ಚಿನ ಕಮಾನು, ಜಾಲರಿ, ಬಣ್ಣದ ಗಾಜು, ಒಂದೊಂದರ ಮೇಲೂ ಒಂದೊಂದು ದ್ವಿಪದಿ ಕಟ್ಟಬಹುದು. ಕಟ್ಟಿದ್ದೇನೆ. ಒಂದು ಮಾತ್ರ ಕಳಿಸುತ್ತೇನೆ:

ಗಾಜಿನ ಕೆಂಪು, ಗಾಜಿನ ಹಸಿರು, ನೆಲದ ಮೇಲೆ ಆಟ;
ಮೋಜಿನ ಮಂದಿ ಫೋಟೋ ತೆಗೆದು ಕೇಳಿದರಯ್ಯ ಊಟ.

ತೃಪ್ತಿಗೆ ಓದಿ ಹೇಳು. ತೊಟ್ಟಿಲು ಚೆನ್ನಾಗಿ ನಡೆಯಲಿ. ಅವಸರ ಮಾಡಬೇಡ, ಇನ್ನೂ ಸ್ವಲ್ಪ ದಿನ ಇದ್ದು ಬಂದರೂ ನಡೆದೀತು.

ದೇವದಾಸ


ಕಟಪಾಡಿ
18 ಮಾರ್ಚ್ 2024

ಇವರಿಗೆ,

ಮುಂಭಾಗ ಚೆಂದ ಆಗಿದೆ ಅಂತ ತಿಳಿಯಿತು. ನಾನು ಇದ್ದದ್ದು ಹಿಂಭಾಗದಲ್ಲಿ.

ಬೇಗ ಬಾ ಅಂತ ಬರೆಯುತ್ತೀರಿ ಅಂದುಕೊಂಡಿದ್ದೆ. ಇದ್ದು ಬಾ ಅಂತ ಬರೆದಿದ್ದೀರಿ. ನಾನಿಲ್ಲದೆ ಅಭ್ಯಾಸ ಆಯಿತೋ ಎಂತದೋ.

ಪರದೆಯ ಅಳತೆ ಬಂದಿಲ್ಲ.

ಹರಿಣಾಕ್ಷಿ


ಪುಣೆ
24 ಮಾರ್ಚ್ 2024

ಹರಿಣಿ,

ಅಗಲ ಮೂರು ಅಡಿ ಎರಡು ಅಂಗುಲ. ಚೂಪಿನವರೆಗೆ ಎತ್ತರ ಐದು ಅಡಿ ಅರ್ಧ ಅಂಗುಲ. ಬಾಗು ಶುರುವಾಗುವುದು ಮೂರು ಅಡಿಯ ಮೇಲೆ.

ಅರಶಿನ ಬಣ್ಣ ಚೆನ್ನಾಗಿ ಕಾಣುತ್ತದೆ.

ದೇವದಾಸ


ಕಟಪಾಡಿ
2 ಏಪ್ರಿಲ್ 2024

ಇವರಿಗೆ,

ತೊಟ್ಟಿಲು ಮುಗಿಯಿತು. ಮಗುವಿಗೆ ಅಕ್ಕನ ಹೆಸರೇ ಇಟ್ಟರು, ಭಾಮಾ ಅಂತ.

ನಿಮ್ಮ ಅಳತೆ ಬಂದ ದಿನವೇ ಬಟ್ಟೆಗೆ ಕತ್ತರಿ ಹಾಕಲು ಕೂತೆ. ಹಾಕಲಿಲ್ಲ. ನೀವು ಯಾವತ್ತು ಅರ್ಧ ಅಂಗುಲ ಅಳೆದವರು? ಗೇಣು ಹಾಕಿ 'ಇಷ್ಟು' ಅನ್ನುವವರು ನೀವು. ಕಪಾಟು ಮಾಡಿಸುವಾಗ ಬಡಗಿಗೆ ತೋಳು ಚಾಚಿ ತೋರಿಸಿದವರು. ಪ್ರಾಸವೂ ಇಲ್ಲ, ಸಭೆಯೂ ಇಲ್ಲ, ಬರೀ ಅಂಗುಲ. ಆ ಕಾಗದ ನೋಡಿದರೆ ಭಯ ಆಯಿತು.

ನಿನ್ನೆ ಮಾಂತು ಫೋನು ಮಾಡಿದ. ಮಗುವಿನ ಸುದ್ದಿ ಕೇಳಲಿಕ್ಕೆ. ಮಾತಿನ ಕೊನೆಗೆ, 'ಅಕ್ಕಾರ, ನಿಮ್ಮ ಪೆಟಗಿ ನನ್ನ ಖೋಲ್ಯಾಗ ಇಟ್ಟೇನ್ರಿ. ಇಲಿ ಮುಟ್ಟದಂಗ ಮ್ಯಾಲ ಇಟ್ಟೇನಿ. ಚಿಂತಿ ಮಾಡಬ್ಯಾಡ್ರಿ' ಅಂದ.

ನನ್ನ ಪೆಟ್ಟಿಗೆ ನಿನ್ನ ಕೋಣೆಗೆ ಯಾಕೆ ಬಂತು ಮಾಂತು, ಅಂದೆ.

'ಅಣ್ಣಾರು ನಿಮಗ ಹೇಳಿಲ್ಲೇನ್ರಿ?' ಅಂದ.

ನಾನು ಮತ್ತೆ ಕೇಳಲಿಲ್ಲ. ಅವನಿಂದ ಕೇಳುವುದು ಬೇಡ ಅನಿಸಿತು. ಫೋನು ಇಟ್ಟೆ.

ಎಂತ ಆಗಿರಬಹುದು ಅಂತ ತಿಳಿಯಲಿಕ್ಕೆ ನನಗೆ ಬಿ.ಎ. ಬೇಡ. ಕೋಣೆಗಾಗಿ ಅಳುವವಳೂ ನಾನಲ್ಲ. ಆ ಹೊಗೆಯನ್ನು ಎಷ್ಟು ಬೈದಿದ್ದೇನೆ ನಿಮಗೇ ಗೊತ್ತು. ಆದರೆ ಬಾಟಲಿ ಹಿಡಿದು ಬಂದವರಿಗೆಲ್ಲ ನಿಂತು ವಿವರಿಸಿದಿರಿ. ನನಗೆ ಬಣ್ಣದ ಗಾಜಿನ ಪದ್ಯ ಕಳಿಸಿದಿರಿ.

ಒಂದು ಸಾಲು ಬರೆಯಿರಿ. ಪ್ರಾಸ ಬೇಡ. ಮಹಾಜನಗಳು ಬೇಡ. ನನಗೆ ಬರೆಯಿರಿ. ಟಿಕೇಟು ಮಾಡಿಸಿಲ್ಲ.

ಹರಿಣಾಕ್ಷಿ


ಪುಣೆ
9 ಏಪ್ರಿಲ್ 2024, ಯುಗಾದಿ

ಮಾನ್ಯ ಸಭಿಕರೇ,

ಇಂದು ಗುಢಿ ಪಾಡ್ವಾ. ರಾಧಾಬಾಯಿ ಅಜ್ಜಿ ಮೇಲಿನ ಬಾಲ್ಕನಿಯಲ್ಲಿ ಗುಢಿ ಏರಿಸಿದ್ದಾರೆ, ಜರಿಯ ಸೀರೆ, ಬೇವಿನ ಗೊಂಚಲು, ಮೇಲೆ ತಂಬಿಗೆ. ಈ ಶುಭದಿನದಂದು ತಮ್ಮನ್ನು ಬಂಗಲೆಯ ಹಿಂಭಾಗಕ್ಕೆ ಕರೆದೊಯ್ಯಲು ಹೆಮ್ಮೆಯಾಗುತ್ತದೆ. ಬಹಳ ವರ್ಷಗಳಿಂದ ಮರೆಯಾಗಿದ್ದ ಲಾಯದ ಮೂಲ ಗೋಡೆ ಈಗ ಪೂರ್ತಿಯಾಗಿ ಕಾಣುತ್ತದೆ. ಕುದುರೆಗೆ ಗಾಳಿ ಬರಲೆಂದು ಬಿಟ್ಟ ಮೂರು ದುಂಡು ಕಿಂಡಿಗಳನ್ನು ಗಮನಿಸಿ. ಕಲ್ಲು ಅಲ್ಲಲ್ಲಿ ಹೆಚ್ಚು ಕಪ್ಪಾಗಿರುವುದು ಶೈಲಿಯಲ್ಲ, ಅದು ಒಬ್ಬ ಗೃಹಿಣಿಯ ಒಲೆಯ

ಹರಿಣಿ, ಆಗುವುದಿಲ್ಲ.

ಸಭೆ ಇಲ್ಲ. ಫೆಬ್ರವರಿಯಿಂದ ನಾನು ಯಾರಿಗೂ ಏನೂ ತೋರಿಸಿಲ್ಲ. ಭಾನುವಾರ ಬೇರೆ ಯಾರೋ ಬಂದು ಹೇಳಿ ಹೋಗುತ್ತಾರೆ, ನಾನು ಒಳಗೆ ಕಾವಲಿ ಎದುರು ನಿಂತಿರುತ್ತೇನೆ. ನಿನಗೆ ಬರೆದ ತುಂಬಿ ತುಳುಕುವ ಸಭೆಗಳು ಸುಳ್ಳು. ಮಾಂತು ಊರಿಗೆ ಹೋಗುತ್ತೇನೆ ಅಂದದ್ದೂ ಸುಳ್ಳು. ಪಾಪ, ಅವನು ಸಾಮಾನು ಹೊರುತ್ತಿದ್ದ.

ನಮ್ಮ ಕೋಣೆಗಳನ್ನು ಫೆಬ್ರವರಿ ಕೊನೆಗೆ ಕೆಡವಿದರು. ನಾನು ಅಕ್ಕಿ ಮೂಟೆ ಇಡುವ ಕಡೆ ಮಲಗುತ್ತೇನೆ. ಕಿಟಕಿಯ ಅಳತೆಯನ್ನು ಅನುಜಾ ಮೇಡಂ ಹತ್ತಿರ ನಕ್ಷೆ ಕೇಳಿ ಅದರಿಂದ ಬರೆದೆ. ಅರ್ಧ ಅಂಗುಲ ಅವರದ್ದು. ನಾನು ಅಂಗುಲ ಓದುವಾಗ ಅವರು ಬೇರೆ ಕಡೆ ನೋಡುತ್ತಿದ್ದರು.

ಇಷ್ಟು ನೀನಾಗಲೇ ಊಹಿಸಿದ್ದೀಯ. ನಿನಗೂ ಮಾಂತುವಿಗೂ ಗೊತ್ತಿಲ್ಲದ್ದು ಇದು.

ಅವತ್ತು ಜನ ಚಪ್ಪಾಳೆ ತಟ್ಟಿ ಮುಂದೆ ಹೋದ ಮೇಲೆ ಮೇಡಂ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದರು. ಮೆಲ್ಲಗೆ ಹೇಳಿದರು: 'ಅಣ್ಣಾ, ನಕ್ಷೆಯಲ್ಲಿ ಇದು ಹಳೆಯದು ಅಂತಲೇ ಇದೆ. ಹಾಗೇ ಇದ್ದರೆ ಯಾರೂ ಮುಟ್ಟುವುದಿಲ್ಲ. ಆಮೇಲಿನದು ಅಂತ ಬರೆದರೆ ತೆಗೆಯಬೇಕಾಗುತ್ತದೆ, ನಿಯಮ ಹಾಗಿದೆ. ನಾನು ಏನೂ ಕೇಳಿಸಿಕೊಂಡಿಲ್ಲ ಅಂದುಕೊಳ್ಳಲಾ?' ನಾನು ತಪ್ಪು ತಿಳಿಯಲಿಲ್ಲ ಹರಿಣಿ. ಅವರ ಮರಾಠಿ ನನಗೆ ಚೆನ್ನಾಗಿ ಅರ್ಥವಾಯಿತು. ಅಜ್ಜಿ ನಮ್ಮನ್ನು ಬಿಟ್ಟುಕೊಡುವುದಿಲ್ಲ, ಹೇಗೋ ಆಗುತ್ತದೆ ಅಂದುಕೊಂಡೆ. ಆದರೆ ಅದಕ್ಕಿಂತ ಮೊದಲು ನನ್ನ ತಲೆಗೆ ಬಂದದ್ದು ಬಸ್ಸಿನ ಮೆಟ್ಟಿಲ ಮೇಲೆ ನಿಂತು ನೀನು ಕೇಳಿದ ಪ್ರಶ್ನೆ. ಯಾವ ಕಾಗದದಲ್ಲಿ ಅಂತ.

'ಬರೆಯಿರಿ ಮೇಡಂ,' ಅಂದೆ. 'ದೂಮಪ್ಪ ಅಂತ ಬರೆಯಿರಿ. ಇಸವಿಯನ್ನೂ ಹಾಕಿ.'

ಅವರು ಇನ್ನೊಮ್ಮೆ ಕೇಳಿದರು. ನಾನು ಇನ್ನೊಮ್ಮೆ ಹೇಳಿದೆ. ಸಂಸ್ಥೆಯ ನಿಯಮದೆದುರು ಅಜ್ಜಿಗೂ ಏನೂ ಮಾಡಲಾಗಲಿಲ್ಲ.

ನಿನ್ನನ್ನು ಗೆಲ್ಲಬೇಕಿತ್ತು. ಗೆದ್ದ ಮೇಲೆ ಹೇಳಲು ಧೈರ್ಯ ಬರಲಿಲ್ಲ.

ಕೆಡವುವಾಗ ಆ ನಡುಗಲ್ಲನ್ನು ಕೇಳಿ ಇಸಿದುಕೊಂಡೆ. ಅಕ್ಕಿ ಮೂಟೆಯ ಪಕ್ಕದಲ್ಲಿದೆ. ಬಾ ಅಂತ ಕರೆಯಲು ನನ್ನ ಹತ್ತಿರ ಈಗ ಅದೊಂದೇ ಇದೆ.

ದೇವದಾಸ